ಮಿಕಸೂಕಿ ಭಾಷೆಯೂ ಅದನ್ನಾಡುವ ಜನರೂ

ಉತ್ತರ ಅಮೆರಿಕಾ ಖಂಡದ ಆಗ್ನೇಯ ದಿಕ್ಕಿನಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡ ಪರ್ಯಾಯದ್ವೀಪದ ದಕ್ಷಿಣಭಾಗವು ಬಹುಮಟ್ಟಿಗೆ ಜಲಮಯವಾದ ಪ್ರದೇಶ. ಅಲ್ಲಿಯ ಓಕೀಚೋಬೀ ಎಂಬ ದೊಡ್ಡ ಸರೋವರವು ತುಂಬಿ ಹೊರಸೂಸಿದ ನೀರು ಹಿಂದಿನ ಕಾಲದಲ್ಲಿ ಒಂದು ಪಾತ್ರಕ್ಕೆ ಕಟ್ಟುಬೀಳದೆ, ಹಲವು ಹರದಾರಿಗಳ ಅಗಲಕ್ಕೆ ಹರಡಿ, ಗರಗಸದಂತೆ ಹಲ್ಲುಗಳುಳ್ಳ ಅಂಚಿನ ಜೊಂಡುಹುಲ್ಲಿನ ನಡುವೆ ಮೆಲ್ಲಮೆಲ್ಲನೆ ಸರಿದು ದಕ್ಷಿಣದ ಸಮುದ್ರವನ್ನು ಸೇರುತ್ತಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ತೋಡಿದ ಕಾಲುವೆಗಳೂ ಹಾಕಿದ ಏರಿಗಳೂ ಈ ಹರಿವನ್ನು ಬಹಳವಾಗಿ ಮಾರ್ಪಡಿಸಿರುವುವು. ಎವರ್‌ಗ್ಲೇಡ್ಸ್ ಎಂದು ಇಂಗ್ಲೀಷಿನಲ್ಲಿ ಹೆಸರಾದ ಈ ಹುಲ್ಲುನೀರಿನ ಬಯಲಿನಲ್ಲಿ ಅಲ್ಲಲ್ಲಿ ಎತ್ತರವಾದ ನೆಲದ ತುಂಡುಗಳಿದ್ದು, ಅವುಗಳ ಮೇಲೆ ಮರಗಳು ಒತ್ತಾಗಿ ಬೆಳೆದು ದ್ವೀಪಗಳಂತೆ ಕಾಣುವುವು. ಇಂಥ ದ್ವೀಪಗಳಲ್ಲಿ ಒಂದು ಕಾಲಕ್ಕೆ ಅಡಗಿಕೊಂಡು ಬಾಳಿ ಉಳಿದುಬಂದ ಒಂದು ಸಣ್ಣ ಜನಾಂಗದ ನುಡಿಯೇ ಮಿಕಸೂಕಿ. ಇದನ್ನು ಚೆನ್ನಾಗಿ ಆಡಬಲ್ಲವರ ಸಂಖ್ಯೆ ಇಂದು ಕೆಲವು ನೂರುಗಳನ್ನು ಮೀರದು. ಈ ಭಾಷೆಯ ವಂಶ, ಅದನ್ನಾಡುವವರ ಚರಿತ್ರೆ, ಅದರ ರಚನೆ, ಅದರ ಇಂದಿನ ಸ್ಥಿತಿ ಇವುಗಳನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶವು.

೧. ಹೆಸರುಗಳ ತೊಡಕು

ಮಿಕಸೂಕಿಯ ವಿಷಯದಲ್ಲಿ ಮೊದಲು ಬಿಡಿಸಬೇಕಾದುದು ಹೆಸರುಗಳ ತೊಡಕು. ಫ್ಲಾರಿಡದ ಮೂಲನಿವಾಸಿಗಳನ್ನು ಹೊರಗಿನವರು ಒಟ್ಟಾಗಿ ‘ಸೆಮಿನೋಲ್’ ಎಂದು ಕರೆಯುವರು. ಆದರೆ ‘ಸೆಮಿನೋಲ್’ ಎಂಬುದು ಒಂದು ಭಾಷೆಯ ಜನರ ಹೆಸರಲ್ಲ. ಸ್ಪೇನಿನವರು ಹಟ್ಟಿಯನ್ನು ಬಿಟ್ಟೋಡಿ ಕಾಡುಬಿದ್ದ ದನಗಳಿಗೂ, ತಪ್ಪಿಸಿಕೊಂಡು ಹೋದ ದಾಸರಿಗೂ ‘ಸಿಮರ್ರೋನ್’ ಎಂದು ಹೇಳುತ್ತಿದ್ದರು. ಈ ಶಬ್ದವು ಕ್ರೀಕ್ ಎಂಬ ಜನರ ಬಾಯಿಗೆ ಬಂದಾಗ, ಅವರ ಭಾಷೆಯಲ್ಲಿ ರೇಫವಿಲ್ಲದ ಕಾರಣ, ರಕಾರವು ಲಕಾರವಾಗಿ ‘ಸಿಮಲೋನಿ’ ಎಂದೂ, ಬಳಿಕ ಅಕ್ಷರಗಳು ಹಿಂದುಮುಂದಾಗಿ ‘ಸಿಮನೋಲಿ’ ಎಂದೂ ಆಯಿತು. ಮೂಲ ಊರುಗಳನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ ಸ್ವತಂತ್ರರಾಗಿ ನೆಲಸಿದವರೆಲ್ಲರಿಗೂ ಈ ಹೆಸರು ಸಂದಿತು.

ಹೀಗೆ ಹೆಸರು ಪಡೆದವರಲ್ಲಿ ಎರಡು ಭಾಷೆಗಳವರಿದ್ದರು. ಕೆಲವರು ಕ್ರೀಕ್ ಭಾಷೆಯ ಒಂದು ಪ್ರಭೇದವನ್ನು ಆಡುತ್ತಿದ್ದರು. ಉಳಿದವರು ಮಿಕಸೂಕಿಯನ್ನು ಆಡುತ್ತಿದ್ದರು. ಇವೆರಡೂ ಒಂದೇ ವಂಶಕ್ಕೆ ಸೇರಿದ್ದರೂ, ಒಂದನ್ನು ಮಾತ್ರ ಬಲ್ಲವನಿಗೆ ಮತ್ತೊಂದು ತಿಳಿಯುವುದಿಲ್ಲ. ಇಂದಿಗೂ ಫ್ಲಾರಿಡದ ಸೆಮಿನೋಲರಲ್ಲಿ ಓಕೀಚೋಬೀ ಸರೋವರದ ವಾಯವ್ಯಕ್ಕಿರುವ ಬ್ರೈಟನ್ ಎಂಬಲ್ಲಿಯವರು ಪರಂಪರೆಯಿಂದ ಕ್ರೀಕ್ ನುಡಿಯವರು. ಬಿಗ್ ಸೈಪ್ರೆಸ್, ಹಾಲಿವುಡ್, ಇಮ್ಮೋಕಲೀ ಎಂಬ ನೆಲೆಗಳವರಲ್ಲಿ ಹೆಚ್ಚಿನವರು ಮಿಕಸೂಕಿ ನುಡಿಯವರು. ಇವರಲ್ಲದೆ ಮಿಕ್ಕೊಸೂಕಿ ಎಂದೇ ಹೆಸರಾದ ಪ್ರತ್ಯೇಕ ಪಂಗಡವೊಂದು ಮಯಾಮಿ ನಗರದ ಪಶ್ಚಿಮಕ್ಕೆ ನೆಲಸಿರುವುದು. ಆದುದರಿಂದ ಮಿಕಸೂಕಿ ಎಂಬ ಭಾಷೆಯೂ, ಮಿಕ್ಕೊಸೂಕಿ ಎಂಬ ಪಂಗಡವೂ ಒಂದೇ ಎಲ್ಲೆಯುಳ್ಳವಲ್ಲ. ಭಾಷೆಯ ವ್ಯಾಪ್ತಿಯು ಪಂಗಡದ ವ್ಯಾಪ್ತಿಗಿಂತ ದೊಡ್ಡದು. ಈ ನುಡಿಯವರು ತಮ್ಮ ಭಾಷೆಯನ್ನು ‘ಈಲಪೋಂಕಿ’ ಎಂದು ಕರೆದುಕೊಳ್ಳುವರು.

೨. ಭಾಷಾವಂಶ

ಮಿಕಸೂಕಿಯು ಮಸ್ಕೋಗಿ ಎಂಬ ಭಾಷಾವಂಶಕ್ಕೆ ಸೇರಿದುದು. ಯೂರೋಪಿನವರು ಬರುವ ಕಾಲಕ್ಕೆ ಈ ವಂಶದ ಭಾಷೆಗಳು ಮಿಸಿಸಿಪ್ಪಿ ನದಿಯ ಪೂರ್ವಕ್ಕೆ, ಈಗಿನ ಮಿಸಿಸಿಪ್ಪಿ, ಅಲಬಾಮ, ಜಾರ್ಜಿಯ, ಉತ್ತರ ಫ್ಲಾರಿಡ ಪ್ರಾಂತಗಳಲ್ಲಿ ಹರಡಿದ್ದುವು. ಚಾಕ್ಟಾ, ಚಿಕಸಾ, ಅಲಬಾಮ, ಕೋಅಸಾಟಿ, ಕ್ರೀಕ್, ಅಪಲಾಚೀ, ಹಿಚಿಟಿ ಇವು ಈ ವಂಶದ ಮುಖ್ಯವಾದ ಶಾಖೆಗಳು. ಮೇರಿ ಹಾಸ್ ಎಂಬ ಭಾಷಾಶಾಸ್ತ್ರಜ್ಞೆಯು ೧೯೪೧ರಲ್ಲಿ ಪ್ರಕಟಿಸಿದ ವಿಂಗಡಣೆಯಂತೆ ಚಾಕ್ಟಾ ಚಿಕಸಾಗಳು ಪಶ್ಚಿಮ ಶಾಖೆ. ಉಳಿದುವು ಪೂರ್ವ ಶಾಖೆ. ಈ ವಿಂಗಡಣೆಯ ವಿಷಯದಲ್ಲಿ ತರುವಾಯದ ವಿದ್ವಾಂಸರಲ್ಲಿ ಮತಭೇದವುಂಟು. ಆದರೆ ಹಿಚಿಟಿಯೂ ಮಿಕಸೂಕಿಯೂ ಒಂದೇ ಭಾಷೆಯ ಎರಡು ಪ್ರಭೇದಗಳೆಂಬ ವಿಷಯದಲ್ಲಿ ಭೇದವಿಲ್ಲ.

ಈ ಭಾಷೆಗಳ ಹತ್ತಿರದ ನಂಟು ಸಾಮಾನ್ಯ ಶಬ್ದಗಳಲ್ಲಿಯೇ ತೋರಿಬರುವುದು. ನೀರಿಗೆ ಹಿಚಿಟಿ ಮಿಕಸೂಕಿಗಳಲ್ಲಿ ‘ಓಕಿ’ ಎಂದರೆ ಚಾಕ್ಟಾದಲ್ಲಿ ‘ಓಕ’. ಮನೆಗೆ ಇಲ್ಲಿ ‘ಚಿಕಿ’ ಎಂದರೆ ಕ್ರೀಕಿನಲ್ಲಿ ‘ಚುಕೊ’, ಚಾಕ್ಟಾದಲ್ಲಿ ‘ಚುಕ’. ಊರಿಗೆ ಹಿಚಿಟಿಯಲ್ಲಿ ‘ಓಕ್ಲಿ’. ಚಾಕ್ಟಾದ ‘ಓಕ್ಲ’ ಎಂಬುದಕ್ಕೆ ಜನ ಎಂದರ್ಥ. ಅಮೆರಿಕದ ಓಕ್ಲಹೋಮ ಪ್ರಾಂತದ ಹೆಸರಿನಲ್ಲಿರುವುದು ಈ ಶಬ್ದವೇ. ‘ಕೆಂಪು ಜನ’ ಎಂಬುದು ಆ ಹೆಸರಿನ ಅರ್ಥ. ನಾಯಕನಿಗೆ ಹಿಚಿಟಿಯಲ್ಲಿ ‘ಮಿಕಿ’ ಎಂದರೆ ಕ್ರೀಕಿನಲ್ಲಿ ‘ಮಿಕ್ಕೊ’. ಇಂಥ ಸಾಮ್ಯಗಳ ನಡುವೆ ಭೇದಗಳೂ ಉಂಟು. ‘ದೊಡ್ಡದು’ ಎಂಬುದಕ್ಕೆ ಹಿಚಿಟಿ ಮಿಕಸೂಕಿಗಳಲ್ಲಿ ‘ಚೋಬಿ’ ಎಂದಿದ್ದರೆ, ಕ್ರೀಕಿನಲ್ಲಿ ಅದಕ್ಕೆ ಯಾವ ಸಂಬಂಧವೂ ಇಲ್ಲದ ಬೇರೆ ಶಬ್ದವಿರುವುದು.

ಹಿಚಿಟಿಯನ್ನಾಡುತ್ತಿದ್ದ ಪಂಗಡಗಳಲ್ಲಿ ಪಶ್ಚಿಮಕ್ಕೆ ಸಾಗಿಸಲ್ಪಟ್ಟವರು ಅಲ್ಲಿ ಬಹುಸಂಖ್ಯಾತರಾದ ಕ್ರೀಕ್ ನುಡಿಯವರ ನಡುವೆ ಬಾಳಿ, ತಲೆಮಾರುಗಳು ಕಳೆದಂತೆ ಆ ನುಡಿಯನ್ನೇ ಹಿಡಿದರು. ಹಿಚಿಟಿಯು ಇಂದು ನಷ್ಟವಾಗಿದೆ. ಆದುದರಿಂದ ಒಂದು ಕಾಲಕ್ಕೆ ಜಾರ್ಜಿಯದ ನದೀತೀರಗಳಲ್ಲಿ ಅನೇಕ ಊರುಗಳವರು ಆಡುತ್ತಿದ್ದ ಆ ನುಡಿಗೆ ಇಂದು ಬದುಕಿರುವ ಪ್ರತಿನಿಧಿಯೆಂದರೆ ಫ್ಲಾರಿಡದ ಮಿಕಸೂಕಿಯೊಂದೇ.

೩. ಜನರ ಪೂರ್ವಚರಿತ್ರೆ

ಮಿಕಸೂಕಿಗಳ ಪೂರ್ವಿಕರು ಚಟ್ಟಹೂಚೀ ನದಿಯ ಕೆಳಭಾಗದಲ್ಲಿ ಊರುಗಳನ್ನು ಕಟ್ಟಿಕೊಂಡು, ಜೋಳ, ಅವರೆ, ಕುಂಬಳಗಳನ್ನು ಬೆಳೆದು ಬಾಳುತ್ತಿದ್ದ ಬೇಸಾಯಗಾರರು. ಅವರ ಊರುಗಳು ಕ್ರೀಕ್ ಒಕ್ಕೂಟದಲ್ಲಿ ಸೇರಿದ್ದುವು. ಒಕ್ಕೂಟದಲ್ಲಿ ಕ್ರೀಕ್ ಭಾಷೆಗೇ ಪ್ರಾಧಾನ್ಯವಿದ್ದರೂ, ಹಿಚಿಟಿ ನುಡಿಯ ಊರುಗಳು ತಮ್ಮ ಮಾತನ್ನು ಬಿಟ್ಟುಕೊಟ್ಟಿರಲಿಲ್ಲ. ಉತ್ತರ ಫ್ಲಾರಿಡವು ಆಗ ಸ್ಪೇನಿನವರ ಅಧೀನದಲ್ಲಿದ್ದು, ಅಲ್ಲಿ ಅಪಲಾಚೀ ಮೊದಲಾದ ಜನರ ನಡುವೆ ಕ್ರೈಸ್ತಮಠಗಳಿದ್ದುವು. ೧೭೦೪ರಲ್ಲಿ ಕ್ಯಾರೊಲೈನದ ಇಂಗ್ಲೀಷರೂ ಅವರ ಕಡೆಯ ಕ್ರೀಕರೂ ಈ ಮಠಗಳನ್ನು ಸುಟ್ಟು ಅಪಲಾಚೀ ಜನರನ್ನು ಚದರಿಸಿದರು. ಹೀಗೆ ಬರಿದಾದ ನಾಡಿಗೆ ಉತ್ತರದಿಂದ ಜನರು ಮೆಲ್ಲನೆ ಇಳಿದುಬಂದರು. ಹದಿನೆಂಟನೆಯ ಶತಮಾನದ ಮಧ್ಯಭಾಗಕ್ಕೆ ಓಕೋನೀ ಎಂಬ ಹಿಚಿಟಿ ನುಡಿಯ ಪಂಗಡವು ಅಲಾಚುವ ಎಂಬ ಹುಲ್ಲುಗಾವಲಿನ ಬಳಿ ನೆಲಸಿ, ಸ್ಪೇನಿನವರು ಬಿಟ್ಟುಹೋದ ದನಗಳನ್ನು ಸಾಕಿಕೊಂಡಿದ್ದಿತು. ೧೭೭೪ರಲ್ಲಿ ವಿಲಿಯಂ ಬಾರ್ಟ್ರಮ್ ಎಂಬ ಸಸ್ಯಶಾಸ್ತ್ರಜ್ಞನು ಅವರ ಊರನ್ನು ಕಂಡು ಅದರ ವರ್ಣನೆಯನ್ನು ಬರೆದಿಟ್ಟಿದ್ದಾನೆ. ಮತ್ತೊಂದು ಪಂಗಡವು ಪಶ್ಚಿಮಕ್ಕೆ, ಇಂದಿಗೂ ಮಿಕ್ಕೊಸೂಕಿ ಎಂದೇ ಹೆಸರಿರುವ ಸರೋವರದ ದಡದಲ್ಲಿ, ದೊಡ್ಡ ಊರೊಂದನ್ನು ಕಟ್ಟಿಕೊಂಡಿತು.

ಈ ನೆಮ್ಮದಿಯು ಹೆಚ್ಚುಕಾಲ ನಿಲ್ಲಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಗಡಿಯು ದಕ್ಷಿಣಕ್ಕೆ ಸರಿಯುತ್ತ ಬಂದಂತೆ ಜಗಳಗಳು ಬೆಳೆದುವು. ಜಾರ್ಜಿಯದ ತೋಟಗಳಿಂದ ತಪ್ಪಿಸಿಕೊಂಡ ನೀಗ್ರೋ ದಾಸರಿಗೆ ಸೆಮಿನೋಲರ ನಾಡಿನಲ್ಲಿ ಆಶ್ರಯ ದೊರೆಯುತ್ತಿದ್ದುದು ಈ ಜಗಳಗಳಿಗೆ ಒಂದು ಮುಖ್ಯ ಕಾರಣ. ನೆಲದ ಆಸೆಯು ಮತ್ತೊಂದು. ೧೮೧೭ರ ನವೆಂಬರಿನಲ್ಲಿ ಗಡಿಯ ಸೈನ್ಯವು ಫೌಲ್‌ಟೌನ್ ಎಂಬ ಮಿಕಸೂಕಿಗಳ ಊರಿನ ಮೇಲೆ ಬಿದ್ದುದರಿಂದ ಮೊದಲನೆಯ ಸೆಮಿನೋಲ್ ಯುದ್ಧವು ಹೊತ್ತಿಕೊಂಡಿತು. ಮರುವರ್ಷ ಜನರಲ್ ಆಂಡ್ರೂ ಜ್ಯಾಕ್ಸನ್ನನು ಸೈನ್ಯದೊಡನೆ ಬಂದು ಮಿಕ್ಕೊಸೂಕಿ ಸರೋವರದ ಊರನ್ನು ಹಿಡಿದು ಸುಮಾರು ೩೦೦ ಮನೆಗಳನ್ನು ಸುಡಿಸಿದನು. ಊರಿನವರು ಕಾಡು ಸೇರಿದರು.

೧೮೨೧ರಲ್ಲಿ ಫ್ಲಾರಿಡವು ಅಮೆರಿಕದವರ ಕೈಸೇರಿತು. ೧೮೨೩ರ ಮೌಲ್ಟ್ರೀ ಕ್ರೀಕ್ ಒಪ್ಪಂದದಿಂದ ಸೆಮಿನೋಲರು ಉತ್ತರದ ಒಳ್ಳೆಯ ನೆಲಗಳನ್ನು ಬಿಟ್ಟು ಪರ್ಯಾಯದ್ವೀಪದ ನಡುಭಾಗಕ್ಕೆ ಸರಿಯಬೇಕಾಯಿತು. ೧೮೩೦ರಲ್ಲಿ ಅಮೆರಿಕದ ಪ್ರತಿನಿಧಿಸಭೆಗಳು ಮೂಲನಿವಾಸಿಗಳನ್ನು ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಶಾಸನವನ್ನು ಮಾಡಿದುವು. ೧೮೩೨ರಲ್ಲಿ ಪೇನ್ಸ್ ಲ್ಯಾಂಡಿಂಗ್ ಎಂಬಲ್ಲಿ ಕೆಲವು ನಾಯಕರ ಅಂಕಿತ ಪಡೆದ ಮತ್ತೊಂದು ಒಪ್ಪಂದದಂತೆ ಆ ನಡುನೆಲವನ್ನೂ ಬಿಡಬೇಕೆಂದಾಯಿತು. ಈ ಒಪ್ಪಂದವನ್ನು ಜನರು ಒಪ್ಪಲಿಲ್ಲ. ೧೮೩೫ರ ಡಿಸೆಂಬರಿನಲ್ಲಿ ಎರಡನೆಯ ಯುದ್ಧವು ಪ್ರಾರಂಭವಾಗಿ ಏಳು ವರ್ಷಗಳ ಕಾಲ ನಡೆಯಿತು. ಅಮೆರಿಕದ ಪಕ್ಷದಲ್ಲಿ ಸುಮಾರು ೧,೫೦೦ ಸೈನಿಕರು ಸತ್ತರು; ಅವರಲ್ಲಿ ಹೆಚ್ಚಿನವರನ್ನು ಕೊಂದುದು ಗುಂಡಲ್ಲ, ಜ್ವರ. ಪ್ರಸಿದ್ಧನಾದ ಆಸಿಯೋಲನನ್ನು ೧೮೩೭ರ ಅಕ್ಟೋಬರಿನಲ್ಲಿ ಸಂಧಿಯ ಬಿಳಿಯ ಬಾವುಟದ ಕೆಳಗೆಯೇ ಸೆರೆಹಿಡಿದರು. ಮರುವರ್ಷದ ಜನವರಿಯಲ್ಲಿ ಅವನು ಸೆರೆಯಲ್ಲಿಯೇ ಸತ್ತನು. ಆಸಿಯೋಲನು ಹುಟ್ಟಿನಿಂದ ಕ್ರೀಕ್ ಕಡೆಯವನು. ಮಿಕಸೂಕಿಗಳ ನಾಯಕನು ಅಬಿಯಾಕನೆಂಬ ವೃದ್ಧ. ಇಂಗ್ಲೀಷರು ಇವನನ್ನು ಸ್ಯಾಮ್ ಜೋನ್ಸ್ ಎಂದು ಕರೆಯುತ್ತಿದ್ದರು. ಇವನು ಮದ್ದುಮಂತ್ರಗಳನ್ನು ಬಲ್ಲವನು, ಯುದ್ಧದಲ್ಲಿ ತಂತ್ರಜ್ಞ, ಯಾವ ಒಪ್ಪಂದಕ್ಕೂ ಮಣಿಯಲಿಲ್ಲ, ಯಾರ ಕೈಗೂ ಸಿಕ್ಕಲಿಲ್ಲ. ಇತರ ನಾಯಕರು ಸೆರೆಸಿಕ್ಕಿದಾಗಲೂ ಶರಣಾದಾಗಲೂ ತನ್ನವರನ್ನು ಇನ್ನೂ ದಕ್ಷಿಣಕ್ಕೆ, ಕುದುರೆ ಹೋಗಲಾರದ ಜೌಗಿನೊಳಕ್ಕೆ ಕರೆದುಕೊಂಡು ಹೋದವನು ಇವನೇ.

೧೮೫೫ರಿಂದ ೧೮೫೮ರ ವರೆಗೆ ಮೂರನೆಯ ಯುದ್ಧ ನಡೆದು, ಬಿಲ್ಲಿ ಬೋಲೆಗ್ಸ್ ಎಂಬ ನಾಯಕನು ತನ್ನವರೊಡನೆ ಪಶ್ಚಿಮಕ್ಕೆ ಹೊರಟುಹೋದನು. ಒಟ್ಟಿನಲ್ಲಿ ಕೆಲವು ಸಾವಿರ ಜನರು ಹೀಗೆ ಸಾಗಿಸಲ್ಪಟ್ಟ ಮೇಲೆ ಫ್ಲಾರಿಡದಲ್ಲಿ ಉಳಿದವರು ಕೆಲವು ನೂರು ಮಂದಿ ಮಾತ್ರ. ೧೮೮೦-೮೧ರಲ್ಲಿ ಕ್ಲೇ ಮೆಕಾಲೇ ಎಂಬವನು ಸರಕಾರದ ಪರವಾಗಿ ಇವರ ನೆಲೆಗಳಿಗೆ ಹೋಗಿ ಎಣಿಸಿದಾಗ ಸಿಕ್ಕಿದ ಲೆಕ್ಕ ೨೦೮. ಇಂದಿನ ಫ್ಲಾರಿಡದ ಸೆಮಿನೋಲ್ ಮಿಕ್ಕೊಸೂಕಿ ಪಂಗಡಗಳೆರಡೂ ಈ ಅಲ್ಪಸಂಖ್ಯೆಯ ಜನರಿಂದಲೇ ಬೆಳೆದುಬಂದುವು.

೪. ಧ್ವನಿಗಳು

ಮಿಕಸೂಕಿಯ ಸ್ವರಗಳು ಮೂರೇ: ಅ, ಇ, ಒ. ಇವುಗಳಲ್ಲಿ ಪ್ರತಿಯೊಂದಕ್ಕೂ ಹ್ರಸ್ವದೀರ್ಘಭೇದವುಂಟು; ಮೂಗಿನಿಂದ ಉಚ್ಚರಿಸುವ ಅನುನಾಸಿಕ ರೂಪಗಳೂ ಉಂಟು. ಉ, ಎ ಎಂಬ ಪ್ರತ್ಯೇಕ ಸ್ವರಗಳಿಲ್ಲದಿರುವುದರಿಂದ, ಹೊರಗಿನವರು ಒಂದೇ ಶಬ್ದವನ್ನು ಒಬ್ಬರು ಒಕಾರದಿಂದಲೂ ಇನ್ನೊಬ್ಬರು ಉಕಾರದಿಂದಲೂ ಬರೆದಿರುವುದನ್ನು ಹಳೆಯ ಕಾಗದಪತ್ರಗಳಲ್ಲಿ ಕಾಣಬಹುದು. ವ್ಯಂಜನಗಳೂ ಹೆಚ್ಚಲ್ಲ. ಪ, ತ, ಚ, ಕ ಎಂಬ ಅಘೋಷಗಳಿಗೆ ಎದುರಾಗಿ ಘೋಷವರ್ಣಗಳಲ್ಲಿ ಬಕಾರವೊಂದೇ ಇರುವುದು. ಗಕಾರ ದಕಾರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಮಹಾಪ್ರಾಣಗಳಿಲ್ಲ. ರೇಫವಿಲ್ಲ. ಇಂಗ್ಲೀಷಿನ ‘ಫ’ ಉಂಟು. ಇದ್ದ ಒಂದೇ ಊಷ್ಮವು ಕಿವಿಗೆ ಹಲವು ವೇಳೆ ಶಕಾರದಂತೆ ಕೇಳಿಸುವುದು.

ಈ ಭಾಷೆಯಲ್ಲಿ ಕನ್ನಡಿಗರಿಗೆ ಹೊಸದಾಗಿ ತೋರುವ ವರ್ಣವೊಂದಿದೆ. ನಾಲಗೆಯ ತುದಿಯನ್ನು ಲಕಾರಕ್ಕೆ ಇಡುವಂತೆ ಹಲ್ಲಿನ ಬುಡಕ್ಕಿಟ್ಟು, ನಾದವನ್ನು ಕೊಡದೆ ಉಸಿರನ್ನು ಮಾತ್ರ ನಾಲಗೆಯ ಪಕ್ಕಗಳಿಂದ ಬಲವಾಗಿ ಬಿಟ್ಟರೆ ಆಗುವ ಧ್ವನಿ ಅದು. ಇದನ್ನು ಅಘೋಷ ಲಕಾರವೆನ್ನಬಹುದು. ಬ್ರಿಟನ್ನಿನ ವೇಲ್ಸ್ ಭಾಷೆಯಲ್ಲಿ ಇಂಥದೊಂದು ವರ್ಣವುಂಟು. ಇಂಗ್ಲೀಷರಿಗೆ ಈ ಧ್ವನಿ ಸಾಧಿಸದೆ, ‘ಥ್ಲ’ ಎಂದು ಎರಡು ವರ್ಣಗಳಾಗಿ ಒಡೆದು ಬರೆದರು. ಮೌಲ್ಟ್ರೀ ಕ್ರೀಕ್ ಒಪ್ಪಂದದ ಕಾಲದ ಮಿಕಸೂಕಿ ನಾಯಕನಾದ ನೇಅಮಥ್ಲನ ಹೆಸರು, ಫ್ಲಾರಿಡದ ವಿಥ್ಲಕೂಚೀ ನದಿಯ ಹೆಸರು ಇವುಗಳಲ್ಲಿ ಕಾಣುವ ‘ಥ್ಲ’ವು ಈ ವರ್ಣವನ್ನು ಹಿಡಿಯಲು ಮಾಡಿದ ಯತ್ನವೇ. ಎರಡನೆಯದು ಕ್ರೀಕ್ ಹೆಸರು. ಆದರೆ ವರ್ಣವು ಎರಡು ಭಾಷೆಗಳಿಗೂ ಸಮಾನವಾದುದು.

ಇದಲ್ಲದೆ ಮಿಕಸೂಕಿಯಲ್ಲಿ ಸ್ವರದ ಏರಿಳಿತಕ್ಕೂ ಬೆಲೆಯುಂಟು. ಉಚ್ಚ, ನೀಚ, ಇಳಿಯುವ ಸ್ವರ ಎಂದು ಮೂರು ಬಗೆಗಳನ್ನು ಭಾಷಾಶಾಸ್ತ್ರಜ್ಞರು ಗುರುತಿಸಿರುವರು. ವೈದಿಕ ಸಂಸ್ಕೃತದ ಉದಾತ್ತಾನುದಾತ್ತ ಸ್ವರಿತಗಳನ್ನು ಬಲ್ಲವರಿಗೆ ಇದು ಅರ್ಥವಾಗದ ವಿಷಯವಲ್ಲ. ಕಿವಿಯಿಂದ ಕೇಳದೆ ಬರಹದಿಂದ ಮಾತ್ರ ಕಲಿಯಹೊರಟವನು ಮೊದಲು ಎಡವುವುದು ಇಲ್ಲಿಯೇ.

೫. ವ್ಯಾಕರಣದ ಕೆಲವು ಲಕ್ಷಣಗಳು

ವಾಕ್ಯರಚನೆಯಲ್ಲಿ ಕರ್ತೃ ಮೊದಲು, ಕರ್ಮ ಬಳಿಕ, ಕ್ರಿಯಾಪದ ಕೊನೆಗೆ. ಸಂಬಂಧಸೂಚಕಗಳು ನಾಮಪದದ ಹಿಂದೆ ಬರದೆ ಮುಂದೆ ಬರುವುವು. ಪ್ರತ್ಯಯಗಳು ಒಂದರ ಮೇಲೊಂದಾಗಿ ಅಂಟಿಕೊಂಡು ಒಂದು ಕ್ರಿಯಾಪದವೇ ಒಂದು ವಾಕ್ಯದ ಕೆಲಸವನ್ನು ಮಾಡಬಲ್ಲದು. ಇವೆಲ್ಲ ಕನ್ನಡಕ್ಕೂ ಒಪ್ಪುವ ಮಾತುಗಳಾದುದರಿಂದ ಕನ್ನಡಿಗನಿಗೆ ಈ ಭಾಷೆಯ ನಡಿಗೆಯು ಇಂಗ್ಲೀಷನ್ನಾಡುವವನಿಗಿಂತ ಸುಲಭವಾಗಿ ಹಿಡಿತಕ್ಕೆ ಬರಬಹುದು. ಆದರೆ ಇಂಥ ಸಾದೃಶ್ಯದಿಂದ ಭಾಷೆಗಳಿಗೆ ರಕ್ತಸಂಬಂಧವನ್ನು ಊಹಿಸಲಾಗದು. ಒಂದಕ್ಕೊಂದು ಏನೂ ಸಂಬಂಧವಿಲ್ಲದ ಭಾಷೆಗಳು ಒಂದೇ ಬಗೆಯ ಕಟ್ಟನ್ನು ಪಡೆದಿರುವುದು ಲೋಕದಲ್ಲಿ ಅಪೂರ್ವವಲ್ಲ.

ಎರಡು ವಾಕ್ಯಗಳನ್ನು ಸೇರಿಸುವ ರೀತಿಯು ಮಸ್ಕೋಗಿ ಭಾಷೆಗಳಲ್ಲೆಲ್ಲ ಗಮನಿಸತಕ್ಕದ್ದು. ಮೊದಲ ಕ್ರಿಯೆಯನ್ನೂ ಎರಡನೆಯ ಕ್ರಿಯೆಯನ್ನೂ ಮಾಡಿದವನು ಒಬ್ಬನೇ ಆದರೆ ಮೊದಲ ಕ್ರಿಯಾಪದಕ್ಕೆ ಒಂದು ಪ್ರತ್ಯಯ. ಬೇರೆ ಬೇರೆಯವರಾದರೆ ಮತ್ತೊಂದು ಪ್ರತ್ಯಯ. ‘ಅವನು ಬಂದು ಕುಳಿತನು’ ಎಂದರೆ ಬಂದವನೂ ಕುಳಿತವನೂ ಒಬ್ಬನೇ. ‘ಅವನು ಬರಲು ಎದ್ದನು’ ಎಂದರೆ ಎದ್ದವನು ಬೇರೆ. ಏಕಕರ್ತೃಕ, ಭಿನ್ನಕರ್ತೃಕ ಎಂಬ ಈ ಭೇದವು ಕನ್ನಡಿಗರಿಗೆ ಪರಿಚಿತವಾದುದೇ. ಕನ್ನಡದಲ್ಲಿ ಕೆಲವೆಡೆ ಸಡಿಲವಾಗಿರುವ ಈ ನಿಯಮವು ಮಸ್ಕೋಗಿ ಭಾಷೆಗಳಲ್ಲಿ ಕಥೆಯ ಉದ್ದಕ್ಕೂ ನಡೆಯುವುದು. ಇದರಿಂದಾಗಿ ಕಥೆಯನ್ನು ಹೇಳುವವನು ಹೆಸರುಗಳನ್ನು ಮತ್ತೆ ಮತ್ತೆ ಎತ್ತದೆ, ಎರಡು ಮೂರು ಪಾತ್ರಗಳನ್ನು ಗೊಂದಲವಿಲ್ಲದೆ ನಡೆಸಿಕೊಂಡು ಹೋಗಬಲ್ಲನು. ಬಾಯಿಂದ ಬಾಯಿಗೆ ಬಂದ ಕಥೆಗಳೇ ಸಾಹಿತ್ಯವಾಗಿರುವ ಜನರಿಗೆ ಇದು ಸಣ್ಣ ಅನುಕೂಲವಲ್ಲ.

ಪುರುಷಪ್ರತ್ಯಯಗಳಲ್ಲಿಯೂ ಒಂದು ವಿವೇಕವುಂಟು. ಒಬ್ಬನು ತನ್ನ ಇಚ್ಛೆಯಿಂದ ಮಾಡುವ ಕೆಲಸಕ್ಕೆ ಒಂದು ವರ್ಗದ ಪ್ರತ್ಯಯಗಳು ಧಾತುವಿನ ಕೊನೆಗೆ ಹತ್ತುವುವು. ತಾನಾಗಿ ಮಾಡದೆ ತನಗೆ ಒದಗಿಬರುವ ಅವಸ್ಥೆಗೆ ಮತ್ತೊಂದು ವರ್ಗದವು ಧಾತುವಿನ ಆದಿಯಲ್ಲಿ ಸೇರುವುವು. ಕನ್ನಡದಲ್ಲಿ ‘ನಾನು ಹೋಗುವೆನು’ ಎಂದು ಪ್ರಥಮೆಯನ್ನೂ, ‘ನನಗೆ ದಣಿವಾಗಿದೆ’ ಎಂದು ಚತುರ್ಥಿಯನ್ನೂ ಬಳಸುವಲ್ಲಿ ಇದೇ ಭಾವವು ಬೇರೆ ಉಪಾಯದಿಂದ ಪ್ರಕಟವಾಗುವುದು. ನಾಮಪದಗಳಲ್ಲಿ ಕೂಡ, ತಾಯಿ, ಕೈ, ಕಣ್ಣು ಮೊದಲಾದ ಬಿಡಿಸಲಾಗದ ಸಂಬಂಧದ ಶಬ್ದಗಳಿಗೆ ‘ನನ್ನ’, ‘ನಿನ್ನ’ ಎಂಬ ಅರ್ಥದ ವರ್ಣಗಳು ನೇರವಾಗಿ ಹತ್ತುವುವು. ದೋಣಿ, ನಾಯಿ ಮೊದಲಾದ ಸಂಪಾದಿಸಿದ ವಸ್ತುಗಳಿಗೆ ನಡುವೆ ಮತ್ತೊಂದು ವರ್ಣ ಬೇಕು. ಬಂಧುತ್ವವೂ ಆಸ್ತಿಯೂ ಒಂದೇ ಅಲ್ಲವೆಂಬುದನ್ನು ವ್ಯಾಕರಣವೇ ಹೇಳುತ್ತದೆ.

ಇನ್ನು ವಚನವಿಚಾರ. ಕೂಡುವುದು, ಮಲಗುವುದು, ಹೋಗುವುದು ಮೊದಲಾದ ಕೆಲವು ಕ್ರಿಯೆಗಳಿಗೆ, ಮಾಡುವವನು ಒಬ್ಬನಾದರೆ ಒಂದು ಧಾತು, ಇಬ್ಬರಾದರೆ ಬೇರೊಂದು ಧಾತು, ಮೂವರೋ ಹೆಚ್ಚೋ ಆದರೆ ಮತ್ತೊಂದು ಧಾತು. ಇವು ಒಂದೇ ಧಾತುವಿನ ರೂಪಭೇದಗಳಲ್ಲ, ಪೂರ್ತಿಯಾಗಿ ಬೇರೆ ಶಬ್ದಗಳು. ಧಾತುವಿನ ಒಳಗೇ ಸ್ವರವನ್ನು ಎಳೆದೋ, ಹಕಾರವನ್ನು ಸೇರಿಸಿಯೋ, ಮೂಗಿನ ಧ್ವನಿಯನ್ನು ಕೊಟ್ಟೋ ಕ್ರಿಯೆಯು ಮುಗಿಯಿತೆ, ನಡೆಯುತ್ತಿದೆಯೆ, ಹಾಗೆಯೇ ನೆಲೆನಿಂತಿದೆಯೆ ಎಂಬುದನ್ನು ತಿಳಿಸುವುದೂ ಈ ವಂಶದ ಲಕ್ಷಣವು. ಡೇವಿಡ್ ವೆಸ್ಟ್ ಎಂಬವರು ಈ ಭಾಷೆಯ ಕ್ರಿಯಾಪದಗಳನ್ನು ವಿಶೇಷವಾಗಿ ಪರಿಶೀಲಿಸಿದರು. ಸಿಲ್ವಿಯ ಬಾಯ್ನ್‌ಟನ್ ಎಂಬಾಕೆಯು ೧೯೮೨ರಲ್ಲಿ ಫ್ಲಾರಿಡ ವಿಶ್ವವಿದ್ಯಾನಿಲಯಕ್ಕೆ ಇದರ ವ್ಯಾಕರಣದ ರೂಪರೇಖೆಯನ್ನು ಪ್ರೌಢಪ್ರಬಂಧವಾಗಿ ಒಪ್ಪಿಸಿದರು.

೬. ನೆಲದ ಮೇಲೆ ಉಳಿದ ಶಬ್ದಗಳು

ಜನರನ್ನು ಓಡಿಸಿದವರು ಅವರಿಟ್ಟ ಹೆಸರುಗಳನ್ನು ಓಡಿಸಲಿಲ್ಲ. ಓಕೀಚೋಬೀ ಎಂಬುದು ‘ಓಕಿ’, ‘ಚೋಬಿ’ ಎಂಬೆರಡು ಶಬ್ದಗಳ ಸಮಾಸ. ‘ದೊಡ್ಡ ನೀರು’ ಎಂದರ್ಥ. ಇದೇ ಅರ್ಥವನ್ನು ಕ್ರೀಕಿನಲ್ಲಿ ಹೇಳುವುದಾದರೆ ಎರಡು ಶಬ್ದಗಳೂ ಬೇರೆಯಾಗುತ್ತಿದ್ದುವು. ಆದುದರಿಂದ ಆ ಸರೋವರಕ್ಕೆ ಹೆಸರಿಟ್ಟವರು ಹಿಚಿಟಿ ಮಿಕಸೂಕಿ ನುಡಿಯವರೆಂಬುದು ಸ್ಪಷ್ಟ. ಜಾರ್ಜಿಯ ಫ್ಲಾರಿಡಗಳ ಗಡಿಯಲ್ಲಿರುವ ಓಕಿಫಿನೋಕೀ ಎಂಬ ಮಹಾ ಜೌಗಿಗೆ ‘ನಡುಗುವ ನೆಲ’ ಎಂಬ ಅರ್ಥವನ್ನು ಪ್ರವಾಸಿಗಳಿಗೆ ಹೇಳುವುದು ವಾಡಿಕೆ. ಆದರೆ ಮೊದಲ ಶಬ್ದವು ‘ಓಕಿ’ ಆದುದರಿಂದ ಅಲ್ಲಿ ಹೇಳಿರುವುದು ನೆಲವನ್ನಲ್ಲ, ನೀರನ್ನು. ‘ನಡುಗುವ ನೀರು’ ಎಂಬುದೇ ಶಬ್ದಕ್ಕೆ ಹೊಂದುವ ಅರ್ಥ. ಎವರ್‌ಗ್ಲೇಡ್ಸಿಗೆ ಈ ಜನರು ಇಟ್ಟ ಹೆಸರು ‘ಪಹಯೋಕಿ’, ‘ಹುಲ್ಲುನೀರು’ ಎಂದರ್ಥ. ೧೯೪೭ರಲ್ಲಿ ಮಾರ್ಜೊರಿ ಸ್ಟೋನ್‌ಮನ್ ಡಗ್ಲಸ್ ಎಂಬ ಲೇಖಕಿಯು ಈ ಪ್ರದೇಶವನ್ನು ‘ಹುಲ್ಲಿನ ನದಿ’ ಎಂದು ಕರೆದು ಬರೆದ ಗ್ರಂಥವು ಪ್ರಸಿದ್ಧವಾಗಿ, ಅದು ಕೆರೆಯೂ ಅಲ್ಲ ಕೆಸರೂ ಅಲ್ಲ, ಹರಿಯುವ ನೀರು ಎಂಬ ತಿಳಿವಳಿಕೆಯು ಅಮೆರಿಕದಲ್ಲಿ ಹರಡಿತು. ಹುಲ್ಲನ್ನೂ ನೀರನ್ನೂ ಒಂದಾಗಿ ಕಂಡ ತಿಳಿವಳಿಕೆಯು ಮೂಲನಿವಾಸಿಗಳ ಒಂದು ಶಬ್ದದಲ್ಲಿ ಅದಕ್ಕೆ ಮೊದಲೇ ಅಡಗಿದ್ದಿತು.

‘ಚಿಕಿ’ ಎಂಬ ಶಬ್ದವು ಇಂಗ್ಲೀಷಿಗೂ ಹೋಗಿದೆ. ಸೈಪ್ರೆಸ್ ಮರದ ಕಂಬಗಳನ್ನು ನೆಟ್ಟು, ತಾಳೆಯ ಜಾತಿಯ ಗರಿಗಳನ್ನು ಹೊದಿಸಿ, ಗೋಡೆಗಳಿಲ್ಲದೆ, ನೆಲದಿಂದ ಎತ್ತರಕ್ಕೆ ಅಟ್ಟವನ್ನು ಹಾಸಿದ ಮನೆಯಿದು. ಉತ್ತರದಲ್ಲಿದ್ದಾಗ ಮರದ ದಿಮ್ಮಿಗಳ ಮನೆಗಳಲ್ಲಿದ್ದ ಜನರು ಯುದ್ಧಕಾಲದಲ್ಲಿ ಬೇಗ ಕಟ್ಟಿ ಬೇಗ ಬಿಟ್ಟುಹೋಗತಕ್ಕ ಇಂಥ ಮನೆಗಳನ್ನು ಹಿಡಿದರು. ಅಟ್ಟದ ಕೆಳಗೆ ಪ್ರವಾಹದ ನೀರು ಹರಿದುಹೋಗುವುದು, ಮೇಲೆ ಗಾಳಿಯಾಡುವುದು. ಶಬ್ದವು ‘ಮನೆ’ ಎಂಬ ಹಳೆಯ ಸಾಮಾನ್ಯ ಶಬ್ದವೇ. ಅದು ಸೂಚಿಸುವ ವಸ್ತುವು ಮಾತ್ರ ಯುದ್ಧದಿಂದ ಮಾರ್ಪಟ್ಟಿತು.

೭. ಭಾಷೆಯನ್ನು ಉಳಿಸಿದ ಸಮಾಜ

ಇಷ್ಟು ಸಣ್ಣ ಜನಾಂಗವು ತನ್ನ ನುಡಿಯನ್ನು ಇಷ್ಟು ಕಾಲ ಕಾಪಾಡಿಕೊಂಡುದು ಹೇಗೆಂಬುದು ವಿಚಾರಾರ್ಹವಾದುದು. ಒಂದನೆಯ ಕಾರಣ ಅವರ ಕುಲವ್ಯವಸ್ಥೆ. ಪ್ಯಾಂಥರ್, ಗಾಳಿ, ಹಕ್ಕಿ, ನೀರುನಾಯಿ, ಕರಡಿ, ಜಿಂಕೆ, ಹಾವು ಮೊದಲಾದ ಹೆಸರುಗಳುಳ್ಳ ಕುಲಗಳಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುವರು. ಒಂದೇ ಕುಲದೊಳಗೆ ಮದುವೆಯಿಲ್ಲ. ಮದುವೆಯಾದ ಗಂಡಸು ಹೆಂಡತಿಯ ಪಾಳೆಯಕ್ಕೆ ಹೋಗಿ ನೆಲಸುವನು. ಅಜ್ಜಿ, ತಾಯಿ, ತಾಯಿಯ ಸೋದರಿಯರು, ಅವರ ಮಕ್ಕಳು ಒಂದೇ ಪಾಳೆಯದಲ್ಲಿ, ನಡುವೆ ಅಡುಗೆಯ ಬೆಂಕಿಯನ್ನಿಟ್ಟುಕೊಂಡು ಬಾಳುತ್ತಿದ್ದುದರಿಂದ, ಮಗುವಿನ ಕಿವಿಗೆ ಹಗಲಿರುಳೂ ಬೀಳುತ್ತಿದ್ದುದು ತಾಯಿಯ ಕಡೆಯವರ ಮಾತು. ತಾಯಿಯ ಅಣ್ಣತಮ್ಮಂದಿರು ಹುಡುಗರಿಗೆ ಶಿಕ್ಷಕರು. ಪ್ರತಿವರ್ಷವೂ ಹೊಸ ಜೋಳದ ಕಾಲದಲ್ಲಿ ನಡೆಯುವ ಹಸುರುಜೋಳದ ಉತ್ಸವದಲ್ಲಿ ಚದರಿದ ಪಾಳೆಯಗಳೆಲ್ಲ ಕೂಡುತ್ತಿದ್ದುವು. ಅಲ್ಲಿಯ ನ್ಯಾಯತೀರ್ಮಾನ, ಹಾಡು, ಕುಣಿತಗಳೆಲ್ಲ ತಮ್ಮ ಭಾಷೆಯಲ್ಲಿಯೇ.

ಎರಡನೆಯ ಕಾರಣವು ದೂರವಿರುವಿಕೆ. ಮೂರು ಯುದ್ಧಗಳ ತರುವಾಯ ಈ ಜನರು ಬಿಳಿಯರನ್ನು ನಂಬಲಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ಚರ್ಮ, ಗರಿಗಳನ್ನು ಮಾರಿ ಬಟ್ಟೆ, ಬಂದೂಕು, ಹೊಲಿಗೆಯ ಯಂತ್ರಗಳನ್ನು ಕೊಂಡು ಮತ್ತೆ ಜೌಗಿನೊಳಕ್ಕೆ ದೋಣಿಯಲ್ಲಿ ಹಿಂದಿರುಗುತ್ತಿದ್ದರು. ೧೯೨೮ರಲ್ಲಿ ಟ್ಯಾಂಪ ಮಯಾಮಿ ನಗರಗಳನ್ನು ಸೇರಿಸುವ ಟಾಮಿಯಾಮಿ ಹೆದ್ದಾರಿಯು ಹುಲ್ಲುನೀರನ್ನು ಸೀಳಿಕೊಂಡು ಹೋದಾಗ ಈ ಏಕಾಂತವು ಮುರಿಯಿತು. ೧೯೪೭ರಲ್ಲಿ ದಕ್ಷಿಣದ ಬಹುಭಾಗವು ರಾಷ್ಟ್ರೀಯ ಉದ್ಯಾನವಾದ ಮೇಲೆ ಬೇ ಟೆ, ನೆಲಸಿಕೆಗಳಿಗೆ ತಡೆಯಾಯಿತು. ಅನೇಕ ಕುಟುಂಬಗಳು ರಸ್ತೆಯ ಬದಿಗೆ ಬಂದು ಪ್ರವಾಸಿಗಳಿಗೆ ಕೈಕೆಲಸದ ವಸ್ತುಗಳನ್ನು ಮಾರಿ ಬಾಳತೊಡಗಿದುವು.

ಸರಕಾರದೊಡನೆ ವ್ಯವಹರಿಸಬೇಕಾಗಿ ಬಂದಾಗ ಇವರಲ್ಲಿ ಎರಡು ಪಕ್ಷಗಳಾದುವು. ಹೆಚ್ಚಿನವರು ೧೯೫೭ರಲ್ಲಿ ಫ್ಲಾರಿಡದ ಸೆಮಿನೋಲ್ ಪಂಗಡವೆಂಬ ಅಂಗೀಕೃತ ಸಂಸ್ಥೆಯಾದರು. ಹೆದ್ದಾರಿಯ ಬದಿಯವರು ಅದರಲ್ಲಿ ಸೇರಲೊಪ್ಪದೆ, ತಾವು ಬೇರೆಯೆಂದು ಸಾಧಿಸಿದರು. ಬಫಲೋ ಟೈಗರ್ ಎಂಬವನು ಇವರ ವಕ್ತಾರನಾಗಿದ್ದನು. ೧೯೫೯ರಲ್ಲಿ ಇವರ ನಿಯೋಗವೊಂದು ಕ್ಯೂಬಕ್ಕೂ ಹೋಗಿ ಅಲ್ಲಿಯ ಹೊಸ ಸರಕಾರದ ಮನ್ನಣೆಯನ್ನು ಪಡೆದು ಬಂದಿತು. ಕೊನೆಗೆ ೧೯೬೨ರಲ್ಲಿ ಸಂಯುಕ್ತ ಸಂಸ್ಥಾನಗಳ ಸರಕಾರವು ಮಿಕ್ಕೊಸೂಕಿ ಪಂಗಡವನ್ನು ಪ್ರತ್ಯೇಕವಾಗಿ ಅಂಗೀಕರಿಸಿತು.

೮. ಇಂದಿನ ಸ್ಥಿತಿ

ಅಂಗೀಕಾರದ ಜೊತೆಗೆ ಶಾಲೆ, ಆಸ್ಪತ್ರೆ, ಗೋಡೆಗಳುಳ್ಳ ಮನೆ, ವಿದ್ಯುತ್ತು, ಟೆಲಿವಿಷನ್ ಇವೆಲ್ಲ ಬಂದುವು. ಬಳಿಕ ಜೂಜಿನ ಮನೆಗಳ ಆದಾಯದಿಂದ ಪಂಗಡಗಳು ಶ್ರೀಮಂತವಾದುವು. ಬಡತನವು ನೀಗಿತು, ಆದರೆ ಭಾಷೆಗೆ ಆಧಾರವಾಗಿದ್ದ ಪಾಳೆಯದ ಬಾಳು ಸಡಿಲವಾಯಿತು. ತಂದೆ, ತಾಯಿ, ಮಕ್ಕಳು ಮಾತ್ರವಿರುವ ಮನೆಗಳಲ್ಲಿ ಅಜ್ಜಿಯ ಮಾತು ಮಗುವಿಗೆ ದಿನವೂ ಕೇಳಿಸುವುದಿಲ್ಲ. ಬೇರೆ ಪಂಗಡದವರನ್ನೂ ಹೊರಗಿನವರನ್ನೂ ಮದುವೆಯಾದ ಮನೆಗಳಲ್ಲಿ ಇಬ್ಬರಿಗೂ ಬರುವ ಮಾತು ಇಂಗ್ಲೀಷೇ.

ಈ ಬದಲಾವಣೆಯ ಎರಡು ಮುಖಗಳನ್ನೂ ಬೆಟ್ಟಿ ಮೇ ಟೈಗರ್ ಜಂಪರ್ ಎಂಬಾಕೆಯ ಜೀವನದಲ್ಲಿ ಕಾಣಬಹುದು. ೧೯೨೩ರಲ್ಲಿ ಹುಟ್ಟಿದ ಈಕೆಗೆ ಮಿಕಸೂಕಿಯೂ ಕ್ರೀಕೂ ಬರುತ್ತಿದ್ದುವು. ಫ್ಲಾರಿಡದ ಶಾಲೆಗಳಲ್ಲಿ ಎಡೆಯಿಲ್ಲದ ಕಾರಣ, ದೂರದ ಉತ್ತರ ಕ್ಯಾರೊಲೈನದ ಚೆರೋಕೀ ಎಂಬಲ್ಲಿಯ ವಸತಿಶಾಲೆಗೆ ಹೋಗಿ ಇಂಗ್ಲೀಷನ್ನು ಕಲಿತು, ೧೯೪೫ರಲ್ಲಿ ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದಳು. ಫ್ಲಾರಿಡದ ಸೆಮಿನೋಲರಲ್ಲಿ ಇದನ್ನು ಸಾಧಿಸಿದವರಲ್ಲಿ ಈಕೆಯೇ ಮೊದಲಿಗಳು. ದಾದಿಯಾಗಿ ತನ್ನವರ ಸೇವೆಮಾಡಿ, ಸಭೆಗಳಲ್ಲಿ ದುಭಾಷಿಯಾಗಿ ನಿಂತು, ೧೯೬೭ರಲ್ಲಿ ಪಂಗಡದ ಅಧ್ಯಕ್ಷೆಯಾಗಿ ಚುನಾಯಿತಳಾದಳು. ಇಂಗ್ಲೀಷು ಬಾರದಿದ್ದರೆ ಈಕೆಯಿಂದ ತನ್ನವರಿಗೆ ಈ ಉಪಕಾರಗಳು ಆಗುತ್ತಿರಲಿಲ್ಲ. ಆದರೆ ಈಕೆ ಮೂರು ಭಾಷೆಗಳವಳು; ಮುಂದಿನವರಲ್ಲಿ ಹಲವರು ಒಂದೇ ಭಾಷೆಯವರಾದರು, ಮತ್ತು ಆ ಒಂದು ತಾಯಿನುಡಿಯಲ್ಲ.

ಭಾಷೆಯನ್ನು ಉಳಿಸುವ ಯತ್ನಗಳು ನಡೆಯುತ್ತಿಲ್ಲವೆಂದಲ್ಲ. ಮಿಕ್ಕೊಸೂಕಿ ಪಂಗಡದ ಶಾಲೆಯಲ್ಲಿಯೂ, ಬಿಗ್ ಸೈಪ್ರೆಸಿನ ಆಹ್ಫಾಚ್ಕೀ ಶಾಲೆಯಲ್ಲಿಯೂ ಮಕ್ಕಳಿಗೆ ಭಾಷೆಯ ಪಾಠಗಳುಂಟು. ಬಿಗ್ ಸೈಪ್ರೆಸಿನಲ್ಲಿ ೧೯೯೭ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ‘ಆಹ್ ತಾಹ್ ಥಿ ಕಿ’ ಎಂದು ತಮ್ಮ ನುಡಿಯಲ್ಲಿಯೇ ಹೆಸರಿಟ್ಟರು. ‘ಕಲಿಯುವ ಸ್ಥಳ, ನೆನೆಯುವ ಸ್ಥಳ’ ಎಂಬುದು ಅದರ ಭಾವ. ‘ಶೋನಾಬಿಶ್’ ಎಂಬ ಕೃತಜ್ಞತೆಯ ಮಾತು ಇಂಗ್ಲೀಷ್ ಭಾಷಣಗಳ ಕೊನೆಯಲ್ಲಿಯೂ ಕೇಳಿಬರುವುದು. ಆದರೆ ಭಾಷಣದ ಕೊನೆಯ ಒಂದು ಮಾತು ಉಳಿದರೆ ಭಾಷೆ ಉಳಿದಂತಾಗದೆಂಬುದನ್ನು ಪಂಗಡದ ಹಿರಿಯರು ಚೆನ್ನಾಗಿ ಬಲ್ಲರು.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯು ಏಳುವುದು. ಅದು ಬರಹದ ಪ್ರಶ್ನೆ. ಕ್ರೀಕ್ ಭಾಷೆಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ರೋಮನ್ ಲಿಪಿಯ ವರ್ಣಮಾಲೆಯಾಗಿ, ಧರ್ಮಗ್ರಂಥಗಳೂ ಕಾಗದಪತ್ರಗಳೂ ಬರೆಯಲ್ಪಟ್ಟುವು. ಮಿಕಸೂಕಿಯು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಬರಿಯ ಆಡುನುಡಿಯಾಗಿದ್ದಿತು. ಬಳಿಕ ಭಾಷಾಶಾಸ್ತ್ರಜ್ಞರು ವರ್ಣಮಾಲೆಯನ್ನು ಕಲ್ಪಿಸಿದರೂ ಅದು ಎಲ್ಲರ ಒಪ್ಪಿಗೆಯನ್ನು ಪಡೆಯಲಿಲ್ಲ. ಬರಹವು ಬೇಡವೆನ್ನುವ ಹಿರಿಯರ ವಾದವನ್ನು ಅಜ್ಞಾನವೆಂದು ತಳ್ಳಿಬಿಡಲಾಗದು. ಅವರ ದೃಷ್ಟಿಯಲ್ಲಿ ಕಥೆ, ಹಾಡು, ಮದ್ದಿನ ಮಾತುಗಳು ಹೇಳತಕ್ಕವರು ಕೇಳತಕ್ಕವರಿಗೆ, ಹೇಳತಕ್ಕ ಕಾಲದಲ್ಲಿ ಹೇಳುವಂಥವು. ಕಾಗದಕ್ಕೆ ಬಿದ್ದ ಮಾತು ಯಾರ ಕೈಗೆ ಬೇಕಾದರೂ ಹೋಗುವುದು. ಒಪ್ಪಂದಗಳೆಂಬ ಬರಹಗಳ ಮೂಲಕ ನೆಲವನ್ನು ಕಳೆದುಕೊಂಡವರು ಬರಹವನ್ನು ನಂಬದಿರುವುದಕ್ಕೆ ಕಾರಣವೂ ಉಂಟು. ಜನರು ಗುಟ್ಟಾಗಿದ್ದುದರಿಂದಲೇ ಉಳಿದರು. ಭಾಷೆಯೂ ಹಾಗೆಯೇ ಉಳಿಯಲಿ ಎಂಬುದು ಅವರ ಅಭಿಪ್ರಾಯವು.

ಬರಹವು ಬೇಕೆನ್ನುವವರ ವಾದವೂ ಅಷ್ಟೇ ಬಲವಾದುದು. ಗುಟ್ಟನ್ನು ಕಾಯಲು ಗುಟ್ಟನ್ನು ಬಲ್ಲವರಿರಬೇಕು. ಬಾಯಿಂದ ಕಲಿಸುವ ಅಜ್ಜಿಯೂ, ಕೇಳಿ ಕಲಿಯುವ ಮಗುವೂ ಒಂದೇ ಬೆಂಕಿಯ ಬಳಿ ಇದ್ದ ಕಾಲದ ನಿಯಮವನ್ನು, ಅವರಿಬ್ಬರೂ ಬೇರೆ ಬೇರೆ ಮನೆಗಳಲ್ಲಿರುವ ಕಾಲಕ್ಕೆ ಹಾಗೆಯೇ ಇಟ್ಟುಕೊಂಡರೆ ಹಿರಿಯರೊಡನೆ ಭಾಷೆಯೂ ಹೋಗುವುದು. ಪಾಠಪುಸ್ತಕ, ನಿಘಂಟು, ಧ್ವನಿಮುದ್ರಿಕೆಗಳಿಲ್ಲದೆ ಕಲಿಸುವವರು ಪ್ರತಿದಿನವೂ ಮೊದಲಿನಿಂದ ಪ್ರಾರಂಭಿಸಬೇಕಾಗುವುದು. ಈ ಎರಡು ವಾದಗಳ ನಡುವೆ ಪಂಗಡದವರು ಕಂಡುಕೊಂಡಿರುವ ಮಾರ್ಗವು, ಪಾಠಗಳನ್ನೂ ಮುದ್ರಿಕೆಗಳನ್ನೂ ಬಹುಮಟ್ಟಿಗೆ ತಮ್ಮವರಿಗೆ ಮಾತ್ರ ಮೀಸಲಾಗಿಡುವುದು. ಹೊರಗಿನ ವಿದ್ವಾಂಸರಿಗೆ ಇದರಿಂದ ಸಾಮಗ್ರಿಯು ಕಡಮೆಯಾಗುವುದು ನಿಜ. ಆದರೆ ಭಾಷೆಯು ವಿದ್ವಾಂಸರ ಸಲುವಾಗಿ ಹುಟ್ಟಿದುದಲ್ಲವಷ್ಟೆ.

ಇವರ ಕುಲಗಳಿಗೆ ಒಂದು ನಿಯಮವುಂಟು. ಕುಲವು ಹೆಣ್ಣಿನಿಂದ ಬೆಳೆಯುವುದಾದುದರಿಂದ, ಒಂದು ಕುಲದ ಕೊನೆಯ ಹೆಣ್ಣು ಸತ್ತಳೆಂದರೆ ಗಂಡಸರು ಎಷ್ಟು ಮಂದಿ ಉಳಿದಿದ್ದರೂ ಆ ಕುಲವು ಮುಗಿದಂತೆಯೇ. ಹೀಗೆ ಮುಗಿದ ಕುಲಗಳುಂಟು. ಭಾಷೆಯ ಸ್ಥಿತಿಯನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆ ದೊರೆಯಲಾರದು. ಮಿಕಸೂಕಿಯನ್ನು ಬಲ್ಲ ಕೆಲವು ನೂರು ಮಂದಿ ಇರುವರೆಂಬ ಲೆಕ್ಕಕ್ಕಿಂತಲೂ, ಅದನ್ನು ತನ್ನ ಮಗುವಿನೊಡನೆ ಆಡುವ ತಾಯಂದಿರು ಎಷ್ಟು ಮಂದಿ ಎಂಬ ಲೆಕ್ಕವೇ ಮುಖ್ಯವಾದುದು. ಮೂರು ಯುದ್ಧಗಳೂ ಒಂದು ಮಹಾಸರಕಾರದ ಸೈನ್ಯವೂ ಅಳಿಸಲಾರದೆ ಹೋದ ನುಡಿಯೊಂದು ಮುಂದಿನ ತಲೆಮಾರಿಗೆ ಸಲ್ಲುವುದೇ ಇಲ್ಲವೇ ಎಂಬುದು ಈಗ ತೀರ್ಮಾನವಾಗುತ್ತಿರುವುದು ಆ ಮನೆಗಳಲ್ಲಿಯೇ.